ಸಾರಥಿ ಕೇಳುವ ಮಾತು

ಜುಲೈ 13, 1997, ಭಾನುವಾರ

ಕಾಲುವೆಗೆ ನೀರು ಬಿಟ್ಟು ನಾಲ್ಕು ದಿನವಾಯಿತು. ಬೆಳಿಗ್ಗೆ ಏಳಕ್ಕೆ ಮಟ್ಟ ನಾಲ್ಕು ಅಡಿ ಆರು ಅಂಗುಲ. ಕಾಲುವೆ ಕಾಯುವ ಗುಡ್ಡಪ್ಪ ಏಳು ಅಂಗುಲ ಎಂದ. ನಾನು ಬಗ್ಗಿ ನೋಡಿ ಆರೇ ಎಂದು ಬರೆದೆ. ಇಪ್ಪತ್ತೆರಡು ವರ್ಷದಿಂದ ನೀರಿನ ಮಟ್ಟ ಬರೆಯುತ್ತಿರುವ ಗುಮಾಸ್ತನಿಗೆ ಗುಡ್ಡಪ್ಪ ಅಳತೆ ಕಲಿಸಲು ಬರುತ್ತಾನೆ.

ಈ ಡೈರಿ ಜನವರಿಯಿಂದ ಆಫೀಸಿನ ಬೀರುವಿನಲ್ಲಿ ಖಾಲಿ ಬಿದ್ದಿತ್ತು. ಸಾಹೇಬರು ತಗೊಳ್ಳಿ ಎಂದರು. ಮನೆಯಲ್ಲಿ ಹೇಳಲಾಗದ್ದನ್ನು ಬರೆಯಲು ಆಗುತ್ತದೆ ಎಂದು ತಂದುಕೊಂಡೆ. ಇದನ್ನು ಓದುವವನು ನಾನೊಬ್ಬನೇ, ಆದ್ದರಿಂದ ಅಕ್ಷರ ಹೇಗಿದ್ದರೂ ನಡೆಯುತ್ತದೆ.

ಇವತ್ತು ನಮ್ಮ ಹುಡುಗಿ ಪಂಪಾವತಿ ನನ್ನ ಲೂನಾ ಗಾಡಿಯ ಹಿಂದೆ ಕೂತು ಕಾಲುವೆ ದಂಡೆಗೆ ಬಂದಿದ್ದಳು. ಗುಡ್ಡಪ್ಪ ಅವಳನ್ನು ನೋಡಿ, "ಸರ, ಮೂಗು ಥೇಟ್ ನಿಮ್ದ ಐತಿ ನೋಡ್ರಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಕಾಲಿಗೆ ಮುಳ್ಳು ಮುರಿದ ಹಾಗಾಯಿತು. ತೂಬಿನ ಬಾಗಿಲು ನೋಡಬೇಕೆಂದು ಎದ್ದು ಹೋದೆ. ತೂಬಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸಂಜೆ ಹೆಂಡತಿ ಚೆನ್ನಬಸಮ್ಮ ಹೊಸ ಸುದ್ದಿ ತಂದಳು. ಅವಳು ಪಾಠ ಮಾಡುವ ಶಾಲೆಯಿಂದ ವಿಜ್ಞಾನ ನಾಟಕ ಸ್ಪರ್ಧೆಗೆ ಹೋಗಬೇಕಂತೆ. ತಾಲ್ಲೂಕು ಮಟ್ಟದ್ದು, ಆಗಸ್ಟ್ ಕೊನೆಗೆ, ಕಂಪ್ಲಿಯಲ್ಲಿ. ಹುಡುಗಿಯರಿಗೆ ಬಯಲಾಟದ ಹೆಜ್ಜೆ ನಾನು ಕಲಿಸಬೇಕಂತೆ. ನಮ್ಮೂರು ಪಾಪಿನಾಯಕನಹಳ್ಳಿಯಲ್ಲಿ ನಾನು ಆಟದ ಪಾತ್ರಗಳನ್ನು ಮಾತಾಡಿಸುವ ಸಾರಥಿಯ ವೇಷ ಕಟ್ಟಿ ಹದಿನಾರು ವರ್ಷವಾಯಿತು. ಹೆಜ್ಜೆ ನೆನಪಿದೆಯೋ ಇಲ್ಲವೋ. ವಿಷಯ ಏನು ಎಂದು ಕೇಳಿದೆ. "ಆಮೇಲೆ ಹೇಳ್ತೀನ್ರಿ, ಮೊದಲು ಊಟ ಮಾಡ್ರಿ" ಎಂದಳು. ಊಟದ ನಂತರ ಹೇಳುವ ಸುದ್ದಿಗಳು ಎಂದೂ ಸುಲಭದವಲ್ಲ.

ಜುಲೈ 16, ಬುಧವಾರ

ಮಟ್ಟ ಐದು ಅಡಿ ಎರಡು.

ವಿಷಯ ತಿಳಿಯಿತು. ಪ್ರನಾಳ ಶಿಶು. ಮಕ್ಕಳಾಗದವರಿಗೆ ವೈದ್ಯರ ನೆರವಿನಿಂದ ಮಕ್ಕಳಾಗುವ ಬಗೆಗಳು, ಮತ್ತು ಮನೆ ಎಂದರೆ ಎಷ್ಟು ಥರ ಇರಬಹುದು ಎಂಬುದು. ಮೂರು ಮಕ್ಕಳು ರಂಗಕ್ಕೆ ಬರುತ್ತವೆ. ಒಂದು ಗಾಜಿನ ತಟ್ಟೆಯಲ್ಲಿ ಮೊಳೆತದ್ದು, ಒಂದು ದತ್ತು ಬಂದದ್ದು, ಒಂದು ದಾನಿಯ ಬೀಜದಿಂದ ಹುಟ್ಟಿದ್ದು. ಒಬ್ಬೊಬ್ಬರೂ ತಮ್ಮ ಹುಟ್ಟಿನ ಕಥೆ ಹೇಳುತ್ತಾರೆ.

"ಹತ್ತನೇ ಕ್ಲಾಸಿನ ಹುಡುಗ್ಯಾರಿಗೆ ಇದೆಲ್ಲ ಬೇಕೇನು?" ಎಂದೆ.

"ಇನ್ನ ನಾಲ್ಕೈದು ವರ್ಷಕ್ಕ ಮದುವಿ ಆಗೋ ಹುಡುಗ್ಯಾರಿಗೆ ಬ್ಯಾಡಂದ್ರ ಮತ್ಯಾರಿಗೆ ಬೇಕ್ರಿ? ಮಕ್ಕಳಾಗ್ಲಿಲ್ಲಂದ್ರ ಬೈಸಿಕೊಳ್ಳೋರು ಇವ್ರ" ಎಂದಳು.

ಇಲ್ಲಿ ಬರೆಯಲು ಅಡ್ಡಿಯಿಲ್ಲ. ನನ್ನಲ್ಲಿ ಮಕ್ಕಳಾಗುವ ಬೀಜವಿಲ್ಲ ಎಂದು 1980ರಲ್ಲಿ ಮದ್ರಾಸಿನ ಒಬ್ಬ ಡಾಕ್ಟರು ಹೇಳಿದರು. ಆ ಮಾತು ಗೊತ್ತಾಗುವವರೆಗೆ ಆರು ವರ್ಷ ನಮ್ಮ ಮನೆಯವರೆಲ್ಲ ಚೆನ್ನಬಸಮ್ಮನನ್ನೇ ಬೈದಿದ್ದರು. ಅವಳು ತಿರುಗಿ ಒಂದು ಮಾತಾಡಿದವಳಲ್ಲ. ಯಾರೋ ಒಬ್ಬ ದಾನಿಯ ವೀರ್ಯವನ್ನು ಅವಳ ಗರ್ಭಕ್ಕೆ ಸೇರಿಸಿದರು. ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ. ದಾನಿ ಯಾರೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಯಾರಿಗೂ ಹೇಳಬೇಡಿ ಎಂದರು. ಆ ಮಾತನ್ನು ನಾನು ಪಥ್ಯದ ಹಾಗೆ ಪಾಲಿಸಿದ್ದೇನೆ. ಹಾಗೆ ಹುಟ್ಟಿದ ಪಂಪಾವತಿಗೂ ಗೊತ್ತಿಲ್ಲ. ಈಗ ಅವಳಿಗೆ ಹದಿನೈದು, ಅದೇ ಶಾಲೆ, ಅದೇ ಹತ್ತನೇ ಕ್ಲಾಸು.

ಚೆನ್ನಬಸಮ್ಮ ದೀಪದ ಬತ್ತಿ ಸರಿಮಾಡುತ್ತ ಹೇಳಿದಳು: "ನಾಟಕ ಆಗೋದ್ರೊಳಗ ಅಕಿಗೆ ನೀವ ಹೇಳಬೇಕು. ನಾ ಹೇಳಂಗಿಲ್ಲ. ಸಹಿ ಮಾಡಿದವ್ರು ನೀವು."

ನಾನು ಆಗುವುದಿಲ್ಲ ಎಂದೆ. ನಾಟಕಕ್ಕೂ ಬರುವುದಿಲ್ಲ ಎಂದೆ.

ಜುಲೈ 20, ಭಾನುವಾರ

ಹೋದೆ. ಶಾಲೆಯಲ್ಲಿ ಹುಡುಗಿಯರು ಹೆಜ್ಜೆ ಹಾಕುವುದನ್ನು ಕಿಟಕಿಯಿಂದ ನೋಡಿದೆ. ಎಮ್ಮೆ ಕೆಸರಿನಲ್ಲಿ ನಡೆದಂತೆ ನಡೆಯುತ್ತಿದ್ದರು. ಅದನ್ನು ನೋಡಿ ಸುಮ್ಮನಿರುವುದು ನನ್ನಿಂದಾಗದು. ಒಳಗೆ ಹೋಗಿ ಎರಡು ಹೆಜ್ಜೆ ತೋರಿಸಿದೆ, ಅಷ್ಟೇ. ನಾಳೆಯೂ ಬರುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ.

ಹಾಡುವುದಕ್ಕೆ ನಮ್ಮೂರ ಜಂಬಪ್ಪಜ್ಜ ಬಂದಿದ್ದ. ಎಪ್ಪತ್ತು ದಾಟಿದರೂ ಹಾರ್ಮೋನಿಯಂ ಹೆಗಲ ಮೇಲೆ ಹೊತ್ತು ಹೊಸಪೇಟೆಯಲ್ಲಿ ಬಸ್ಸಿಳಿದ. ಚೆನ್ನಬಸಮ್ಮ ಅವನಿಗೆ ಪ್ರನಾಳ ಶಿಶು ಎಂದರೇನೆಂದು ವಿವರಿಸಿದಳು. ಅಜ್ಜ ಎಲ್ಲ ಕೇಳಿಸಿಕೊಂಡು ಕೇಳಿದ:

"ಅಲ್ಲವ್ವಾ, ಒಂಬತ್ತು ತಿಂಗಳು ಆ ಗಾಜಿನ ಕೊಳವಿಯಾಗ ಕೂಸು ಹೆಂಗ ಕಾಲು ಚಾಚ್ತೈತಿ? ಕೈತಪ್ಪಿ ಗಾಜು ಒಡದ್ರ?"

ಹುಡುಗಿಯರು ನಕ್ಕು ಉರುಳಿದರು. ಆದರೆ ಅವರಲ್ಲಿಯೂ ಅರ್ಧಕ್ಕರ್ಧ ಹಾಗೆಯೇ ತಿಳಿದಿದ್ದರು ಎಂಬುದು ಆಮೇಲೆ ಹೊರಬಿತ್ತು. ಚೆನ್ನಬಸಮ್ಮ ಉಪ್ಪಿನಕಾಯಿ ಭರಣಿಯ ಗಾಜಿನ ಮುಚ್ಚಳವನ್ನು ಅಂಗಾತ ಇಟ್ಟು ಎರಡು ಜೋಳದ ಕಾಳು ಹಾಕಿದಳು. "ತಾಯಿ ಅಂಡಾಣು, ತಂದಿ ವೀರ್ಯಾಣು, ಎರಡೂ ಇಲ್ಲಿ ಕೂಡ್ತಾವು. ಎರಡು ಮೂರು ದಿನ ಅಷ್ಟ. ಆಮ್ಯಾಲ ತಾಯಿ ಗರ್ಭಕ್ಕ ಸೇರಿಸ್ತಾರ. ಉಳಿದ ಒಂಬತ್ತು ತಿಂಗಳು ಎಲ್ಲಾರಂಗ ಹೊಟ್ಟಿಯಾಗ" ಎಂದಳು. ಎಷ್ಟೋ ವರ್ಷದ ನಂತರ ಅವಳು ಪಾಠ ಮಾಡುವುದನ್ನು ನೋಡಿದೆ. ಚೆನ್ನಾಗಿ ಮಾಡುತ್ತಾಳೆ.

ಅಜ್ಜ, "ಗಾಂಧಾರಿ ನೂರೊಂದು ಕೊಡದಾಗ ಮಕ್ಕಳನ್ನ ಇಟ್ಟಿದ್ಲಲ್ಲ, ಅದ ಇದು" ಎಂದ. ಅದು ಕಥೆ, ಇದು ಆಸ್ಪತ್ರೆ, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ ಎಂದು ಅವಳು ಗದರಿದಳು. ಅಜ್ಜ ನನ್ನ ಕಡೆ ನೋಡಿ ಕಣ್ಣು ಹೊಡೆದ.

ಜುಲೈ 29, ಮಂಗಳವಾರ

ಮಟ್ಟ ಏಳು ಅಡಿ. ನಾಟಿ ಶುರುವಾಗಿದೆ, ಎಲ್ಲರಿಗೂ ಒಂದೇ ದಿನ ನೀರು ಬೇಕು.

ಪಾತ್ರ ಹಂಚಿದರು. ದಾನಿಯ ಬೀಜದಿಂದ ಹುಟ್ಟಿದ ಮಗುವಿನ ಪಾತ್ರ ತನಗೇ ಬೇಕೆಂದು ಪಂಪಾವತಿ ಕೈ ಎತ್ತಿದಳಂತೆ. "ಅದ ಭಾಳ ಕಷ್ಟದ್ದು ಐತಲ್ಲ, ಅದಕ್ಕ" ಎಂದು ನನ್ನೆದುರಿಗೆ ಹೆಮ್ಮೆಯಿಂದ ಹೇಳಿದಳು. ಚೆನ್ನಬಸಮ್ಮನನ್ನು ನೋಡಿದೆ. ಅವಳು ಸೆರಗಿನ ಅಂಚು ನೋಡುತ್ತಿದ್ದಳು. ತಾನೇನೂ ಹೇಳಿಕೊಟ್ಟಿಲ್ಲ ಎಂದು ಆಮೇಲೆ ಆಣೆ ಮಾಡಿದಳು. ಆಣೆ ಬೇಕಿರಲಿಲ್ಲ. ಹುಡುಗಿ ಎಂದೂ ಕಷ್ಟದ್ದನ್ನೇ ಹಿಡಿಯುವವಳು, ಲೆಕ್ಕದ ಪುಸ್ತಕದಲ್ಲಿಯೂ ಕೊನೆಯ ಲೆಕ್ಕದಿಂದ ಶುರುಮಾಡುತ್ತಾಳೆ. ಆ ಗುಣ ಯಾರದೋ ಏನೋ.

ಆಗಸ್ಟ್ 2, ಶನಿವಾರ

ಇವತ್ತು ತಪ್ಪು ಮಾಡಿದೆ. ವಿವರವಾಗಿ ಬರೆದಿಡುತ್ತೇನೆ.

ನಮ್ಮ ಬಯಲಾಟದಲ್ಲಿ ಯಾವ ಪಾತ್ರ ರಂಗಕ್ಕೆ ಬಂದರೂ ಸಾರಥಿ ಅಡ್ಡನಿಂತು ಕೇಳಬೇಕು: "ಬಂದಂಥವರು ತಾವು ಯಾರು? ತಮ್ಮ ನಾಮಾಂಕಿತವೇನು? ತಮ್ಮನ್ನು ಪಡೆದ ತಂದೆಯ ನಾಮಾಂಕಿತವೇನು?" ದೇವರಾದರೂ ಸರಿ, ರಾಕ್ಷಸನಾದರೂ ಸರಿ, ಉತ್ತರ ಹೇಳದೆ ಮುಂದೆ ಹೆಜ್ಜೆ ಇಡುವಂತಿಲ್ಲ. ನನಗೆ ಕಲಿಸಿದ ಗುರುಗಳದು ಇನ್ನೊಂದು ಪದ್ಧತಿ ಇತ್ತು. ಹೊಸಬರ ಅಂಜಿಕೆ ಹೋಗಲು ಮೊದಲು ಪಾತ್ರ ಕೊಡುತ್ತಿರಲಿಲ್ಲ. ಅವರವರ ಸ್ವಂತ ಹೆಸರು, ಸ್ವಂತ ತಂದೆಯ ಹೆಸರನ್ನೇ ರಂಗದ ಮೇಲೆ ಕೂಗಿ ಹೇಳಿಸುತ್ತಿದ್ದರು. ನಾನೂ ಹಾಗೆಯೇ ಮಾಡಿಸಿದೆ.

ಮೊದಲು ಪಂಪಾವತಿ ಬಂದಳು. ಕೇಳಿದೆ. "ಎಲೈ ಸಾರಥಿ, ನನ್ನ ನಾಮಾಂಕಿತ ಪಂಪಾವತಿ! ತಂದೆಯ ನಾಮಾಂಕಿತ ಕೊಟ್ರಬಸಪ್ಪ!" ಎಂದು ಗೋಡೆ ಅದುರುವಂತೆ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮುಂದಿನವಳನ್ನು ಜಲ್ದಿ ಕರೆದೆ.

ಮುಂದಿನವಳು ಹಂಪಕ್ಕ. ಹಂಪಿ ಬಜಾರಿನಿಂದ ಬಸ್ಸಿನಲ್ಲಿ ಬರುವ ಹುಡುಗಿ, ಗಾಜಿನ ತಟ್ಟೆಯ ಮಗುವಿನ ಪಾತ್ರದವಳು, ಎಲ್ಲರಿಗಿಂತ ಒಳ್ಳೆಯ ಕಂಠ. ಹೆಸರು ಹೇಳಿದಳು. ತಂದೆಯ ಹೆಸರು ಕೇಳಿದೆ. ಸುಮ್ಮನೆ ನಿಂತಳು. ಅಂಜಿಕೆ ಎಂದುಕೊಂಡು ಮತ್ತೆ ಕೇಳಿದೆ, ಇನ್ನೂ ಗಟ್ಟಿಯಾಗಿ. ಮೂರನೆಯ ಸಲವೂ ಕೇಳಿದೆ. ಅವಳು ಕಾಲಿನ ಗೆಜ್ಜೆ ಬಿಚ್ಚಿ ಬೆಂಚಿನ ಮೇಲಿಟ್ಟು, ಚೀಲ ತೆಗೆದುಕೊಂಡು ಹೊರಟುಹೋದಳು.

ಆಮೇಲೆ ಚೆನ್ನಬಸಮ್ಮ ಹೇಳಿದಳು. ಹಂಪಕ್ಕನ ತಾಯಿ ಉಚ್ಚೆಂಗಮ್ಮನನ್ನು ಚಿಕ್ಕಂದಿನಲ್ಲಿ ದೇವದಾಸಿಯಾಗಿ ದೇವರಿಗೆ ಬಿಟ್ಟಿದ್ದರು. ಹಂಪಕ್ಕನಿಗೆ ಶಾಲೆಯ ದಾಖಲೆಯಲ್ಲಿ ತಾಯಿಯ ಹೆಸರೊಂದೇ ಇದೆ.

ಒಂದು ಅಂಗುಲ ತಪ್ಪದೆ ಅಳೆಯುವವನು ನಾನು. ಆ ಹುಡುಗಿಯ ಮುಖ ಎದುರಿಗಿದ್ದರೂ ನೋಡಲಿಲ್ಲ.

ಆಗಸ್ಟ್ 3, ಭಾನುವಾರ

ಪಂಪಾವತಿ ಬೆಳಿಗ್ಗೆ ತಾನೇ ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು. "ನಡಿ ಅಪ್ಪ, ಹಂಪಿಗೆ ಹೋಗಿ ತಪ್ಪಾತು ಅನ್ನು" ಎಂದಳು. ನನ್ನ ಮನಸ್ಸಿನಲ್ಲಿಯೂ ಅದೇ ಇತ್ತು, ಆದರೆ ಸೋಮವಾರವೋ ಮಂಗಳವಾರವೋ ಎಂದಿತ್ತು.

ಉಚ್ಚೆಂಗಮ್ಮನ ಮನೆ ಬಜಾರಿನ ಕಲ್ಲಿನ ಮಂಟಪದಲ್ಲಿಯೇ. ಎರಡು ಕಂಬದ ನಡುವೆ ಗೋಣಿ ಪರದೆ, ಮುಂದೆ ಚಹಾದ ಒಲೆ. ಇಬ್ಬರು ಬಿಳಿಯ ಪ್ರವಾಸಿಗರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. "ಕುಂದ್ರಿ ಸರ" ಎಂದ ಉಚ್ಚೆಂಗಮ್ಮ ನಾವು ಕೇಳುವ ಮೊದಲೇ ಚಹಾ ಕೊಟ್ಟಳು. ಹಂಪಕ್ಕ ಪರದೆಯ ಹಿಂದೆ ಇದ್ದಳು, ಪಾದ ಕಾಣುತ್ತಿತ್ತು.

"ನಂದು ತಪ್ಪಾತ್ರಿ. ಗೊತ್ತಿಲ್ದ ಕೇಳಿದೆ" ಎಂದೆ.

"ಗೊತ್ತಿಲ್ದ ಒಂದ ಸಲ ಕೇಳಬೌದು ಸರ. ಮೂರು ಸಲ ಕೇಳಿದ್ರಂತ" ಎಂದಳು. ಸಿಟ್ಟಿರಲಿಲ್ಲ. ಲೋಟ ತೊಳೆಯುತ್ತಲೇ ಹೇಳಿದಳು.

ನಾನು ಚಹಾದ ಲೋಟ ಕೆಳಗಿಟ್ಟೆ. ಅವಳೇ ಮುಂದುವರಿಸಿದಳು: "ಅಕಿಗೆ ಆರು ವರ್ಷ ಇದ್ದಾಗ ಇದ ಕಟ್ಟಿ ಮ್ಯಾಲ ಕುಂದರಿಸಿಕೊಂಡು ಎಲ್ಲಾ ಹೇಳೀನ್ರಿ. ಬ್ಯಾರೆಯವ್ರ ಬಾಯಿಂದ ಕೇಳಿದ್ರ ಅಕಿ ನನ್ನ ನಂಬತಿದ್ದಿಲ್ಲ. ಈಗ ಮಂದಿ ಕೇಳಿದ್ರ ಅಕಿಗೆ ಬ್ಯಾಸರ ಆಕ್ಕೈತಿ, ಖರೆ. ಆದ್ರ ಮನೀಗೆ ಬಂದು ನನ್ನ ಮುಂದ ಅಳ್ತಾಳ. ನನ್ನಿಂದ ಮರಿಮಾಡಿ ಅಳಂಗಿಲ್ಲ."

ಪರದೆ ಸರಿಸಿ ಹಂಪಕ್ಕ ಬಂದಳು. ನನ್ನನ್ನು ಬಿಟ್ಟು ಪಂಪಾವತಿಯೊಡನೆ ಮಾತಾಡಿದಳು. "ನಾ ಬರ್ತೀನಿ. ಆದ್ರ ನಾಟಕದಾಗ ನನ್ನಂಥಾಕೀನೂ ಒಬ್ಬಾಕಿ ಬರಬೇಕು. ಅವ್ವ ಒಬ್ಬಾಕೇ ಇರೋ ಮನಿ. ಆ ಪಾತ್ರ ನಾನ ಮಾಡಾಕಿ, ಗಾಜಿನ ತಟ್ಟಿದು ಬ್ಯಾರೆದಾಕಿಗೆ ಕೊಡ್ಲಿ." ಆಗಲಿ ಎಂದು ನಾನು ಹೇಳುವ ಮೊದಲೇ ಪಂಪಾವತಿ ಆಗಲಿ ಎಂದುಬಿಟ್ಟಿದ್ದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ, "ಹಂಪಕ್ಕನ ಅವ್ವ ಗಟ್ಟಿ ಹೆಣಮಗಳು ಅಲ್ಲಪ್ಪ?" ಎಂದಳು. ಹೂಂ ಎಂದೆ. ಕಡ್ಡಿರಾಂಪುರ ದಾಟುವವರೆಗೆ ಉಚ್ಚೆಂಗಮ್ಮನ ಮಾತು ನನ್ನ ಕಿವಿಯಲ್ಲಿಯೇ ಇತ್ತು. ಈಗಲೂ ಇದೆ.

ಆಗಸ್ಟ್ 5, ಮಂಗಳವಾರ

ಸಾರಥಿಯ ಪ್ರಶ್ನೆ ಬದಲಾಯಿಸಬೇಕೆಂದು ಜಂಬಪ್ಪಜ್ಜನಿಗೆ ಹೇಳಿದೆ. "ಲೇ ಕೊಟ್ರ, ಮೂರು ತಲಿಮಾರಿಂದ ಬಂದ ಮಾತು, ಅದನ್ನ ತಿದ್ದಾಕ ನೀ ಯಾರಲೇ?" ಎಂದು ಎದ್ದು ನಿಂತ. ಹಂಪಕ್ಕನ ವಿಷಯ ಹೇಳಿದ ಮೇಲೆ ಕೂತ. ಬಹಳ ಹೊತ್ತು ಎಲೆ ಅಡಿಕೆ ಅಗಿದ. ಆಮೇಲೆ ಹಾರ್ಮೋನಿಯಂ ಎಳೆದುಕೊಂಡು ತಾನೇ ಹೊಸದು ಕಟ್ಟಿದ: "ಬಂದಂಥವರು ತಾವು ಯಾರು? ತಮ್ಮನ್ನು ಎತ್ತಿ ಆಡಿಸಿದ ಕೈಗಳು ಯಾರವು?"

ಇದು ಒಳ್ಳೆಯದಾಗಿದೆ. ಎತ್ತಿ ಆಡಿಸಿದ ಲೆಕ್ಕಕ್ಕೆ ಬಂದರೆ ನಾನೇನೂ ಕಡಿಮೆಯವನಲ್ಲ. ಪಂಪಾವತಿಗೆ ಒಂದು ವರ್ಷ ತುಂಬುವವರೆಗೆ ನನ್ನ ಹೆಗಲ ಮೇಲೆ ಹಾಕಿಕೊಂಡು ಕಾಲುವೆ ದಂಡೆ ತುಂಬ ತಿರುಗಿದರೆ ಮಾತ್ರ ನಿದ್ದೆ ಮಾಡುತ್ತಿದ್ದಳು. ಹರಿಯುವ ನೀರಿನ ಸದ್ದು ಬೇಕಿತ್ತು ಅವಳಿಗೆ. ಇದು ಹೇಗೆ ಮರೆತಿತ್ತೋ.

ಆಗಸ್ಟ್ 12, ಮಂಗಳವಾರ

ಮಟ್ಟ ಎಂಟು ಅಡಿ ಐದು.

ರಾತ್ರಿ ಊಟಕ್ಕೆ ಕೂತಾಗ ಪಂಪಾವತಿ ಕೇಳಿದಳು. "ಅಪ್ಪ, ದಾನಿ ವಿಷಯ ಗೊತ್ತಾದಾಗ ಆ ಹುಡುಗಿ ಅಳಬೇಕಾ, ಸಿಟ್ಟು ಮಾಡಬೇಕಾ? ಅವ್ವ ಬರದಿದ್ರಾಗ ಏನೂ ಇಲ್ಲ. ನಂಗ ತಿಳೀವಲ್ದು."

ಚೆನ್ನಬಸಮ್ಮ ರೊಟ್ಟಿ ತರಲು ಒಳಗೆ ಹೋದಳು. ತಟ್ಟೆಯಲ್ಲಿ ರೊಟ್ಟಿ ಇತ್ತು.

"ಏನೂ ಮಾಡಬ್ಯಾಡ. ಸುಮ್ನ ನಿಂತಕಾ" ಎಂದೆ.

"ಸುಮ್ನ ನಿಂತ್ರ ಮಂದಿಗೆ ಹೆಂಗ ತಿಳೀತೈತಿ? ಅಕಿ ಅಪ್ಪ ಏನಂತ ಹೇಳಿದ್ದ ಅಕಿಗೆ? ಅದು ಗೊತ್ತಾದ್ರ ನಂಗೂ ಗೊತ್ತಾಕ್ಕೈತಿ."

ನಾನು ತಟ್ಟೆ ಬಿಟ್ಟು ಎದ್ದೆ. ನಾಳೆ ಯೋಚಿಸಿ ಹೇಳುತ್ತೇನೆ ಎಂದೆ. ಅವಳು ನಿಜವಾಗಿಯೂ ನಾಳೆ ಕೇಳುತ್ತಾಳೆ, ಬಿಡುವವಳಲ್ಲ.

ಆಗಸ್ಟ್ 13

ಕೇಳಿದಳು. ಆಫೀಸಿನಲ್ಲಿ ಕೆಲಸ ಹೆಚ್ಚು ಎಂದೆ.

ಆಗಸ್ಟ್ 19, ಮಂಗಳವಾರ

ದಿನಕ್ಕೊಂದು ಸಲ ಕೇಳುತ್ತಿದ್ದವಳು ಎರಡು ದಿನದಿಂದ ಕೇಳುವುದನ್ನು ಬಿಟ್ಟಿದ್ದಾಳೆ. ತಾಲೀಮಿನಲ್ಲಿ ಆ ಮಾತು ಬಂದಾಗ ಗೋಡೆಯ ಕಡೆ ತಿರುಗಿ ನಿಲ್ಲುತ್ತಾಳೆ. ಉಳಿದವರು ತಮ್ಮ ಪಾತ್ರ ಮಸ್ತ್ ಮಾಡುತ್ತಿದ್ದಾರೆ, ಹಂಪಕ್ಕನನ್ನು ನೋಡಲು ಎರಡು ಕಣ್ಣು ಸಾಲದು. ನನ್ನ ಮಗಳದೊಂದೇ ಅರ್ಧಕ್ಕೆ ನಿಂತಿದೆ, ನಾನು ಹೇಳಿಕೊಡದೆ ಇದ್ದುದರಿಂದ. ಅಂಜಿಕೆಯಾಗುತ್ತದೆ. ಅವಳು ನನ್ನನ್ನು ಅಪ್ಪ ಎನ್ನುವುದನ್ನು ಬಿಟ್ಟರೆ ಎಂಬ ಅಂಜಿಕೆ, ಬೇರೆ ಏನೂ ಅಲ್ಲ.

ಆಗಸ್ಟ್ 24, ಭಾನುವಾರ

ಹೇಳಿದೆ.

ಬೆಳಿಗ್ಗೆ ಲೂನಾ ಮೇಲೆ ಕಾಲುವೆ ದಂಡೆಗೆ ಕರೆದುಕೊಂಡು ಹೋದೆ. ಒಂಬತ್ತು ಅಡಿ ಒಂದು ಅಂಗುಲ. ಗುಡ್ಡಪ್ಪನನ್ನು ಚಹಾ ಕುಡಿದು ಬಾ ಎಂದು ಕಳಿಸಿದೆ. ಮಾತು ಎಲ್ಲಿಂದ ಶುರು ಮಾಡಬೇಕೆಂದು ರಾತ್ರಿಯೆಲ್ಲ ಜೋಡಿಸಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಆ ಹುಡುಗಿ ಅಪ್ಪ ಏನಂದ ಅಂತ ಕೇಳಿದ್ದಿ ಅಲ್ಲವ್ವ. ಅಂವ ಹಿಂಗ ಅಂದ. ನನ್ನಾಗ ಬೀಜ ಇದ್ದಿಲ್ಲ. ನಿಮ್ಮವ್ವಂದು ಏನೂ ತಪ್ಪಿಲ್ಲ. ಮದ್ರಾಸಿಗೆ ಹೋಗಿ, ಯಾರೋ ಒಬ್ರು ಕೊಟ್ಟ ಬೀಜದಿಂದ ನಿನ್ನ ಪಡಕೊಂಡ್ವಿ. ನಾನ ಸಹಿ ಮಾಡಿದ್ದೆ. ನೀ ಬೇಕಂತ ಮಾಡಿದ್ದೆ."

ನೀರು ನೋಡುತ್ತ ನಿಂತಳು. ಅದು ನಾಟಕದ ಮಾತಲ್ಲ ಎಂದು ತಿಳಿಯಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಆಮೇಲೆ ಕೇಳಿದಳು:

"ಹಂಗಾದ್ರ ನಿನ್ನ ಕಡೆ ಅಜ್ಜಿದು ಸಕ್ರಿ ಕಾಯಿಲಿ ನಂಗ ಬರಂಗಿಲ್ಲ?"

"ಅಜ್ಜಿಯಿಂದ ಬರಂಗಿಲ್ಲ."

"ಆ ದಾನಿ ಹೆಸರು?"

"ಗೊತ್ತಿಲ್ಲವ್ವ."

"ನೀವು ಕೇಳ್ಲಿಲ್ಲಾ?"

"ಇಲ್ಲ. ಕೇಳಿದ್ರೂ ಡಾಕ್ಟರು ಹೇಳ್ತಿದ್ದಿಲ್ಲ."

ಇಷ್ಟೇ. ಲೂನಾ ಹತ್ತಲಿಲ್ಲ, ನಡೆದೇ ಬರುತ್ತೇನೆ ಎಂದಳು. ಅವಳು ಮುಂದೆ, ನಾನು ಲೂನಾ ಮೇಲೆ ಹಿಂದೆ, ನಡಿಗೆಯ ವೇಗದಲ್ಲಿ. ಮೂರು ಸಲ ಇಂಜಿನ್ ನಿಂತಿತು. ನಿಂತಾಗಲೆಲ್ಲ ಅವಳೂ ನಿಂತು, ಹಿಂದೆ ತಿರುಗದೆ ಕಾದು, ಮತ್ತೆ ನಡೆದಳು.

ಚೆನ್ನಬಸಮ್ಮ ಬಾಗಿಲಲ್ಲಿ ನಮ್ಮಿಬ್ಬರನ್ನು ನೋಡಿದಳು. ನನಗೆ ನೀರು ತಂದು ಕೊಟ್ಟಳು.

ಆಗಸ್ಟ್ 25

ಮಾತಿಲ್ಲ.

ಆಗಸ್ಟ್ 26

ಮಾತಿಲ್ಲ. ತಾಯಿಯ ಪಕ್ಕದಲ್ಲಿ ಮಲಗಿದ್ದಾಳೆ. ಅವರಿಬ್ಬರೂ ಪಿಸುಮಾತಾಡುವುದು ಕೇಳಿಸುತ್ತದೆ. ಮಟ್ಟ ಬರೆಯಲು ಮರೆತು ಎರಡನೆಯ ಸಲ ದಂಡೆಗೆ ಹೋಗಬೇಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಆಗಿರಲಿಲ್ಲ.

ಆಗಸ್ಟ್ 28, ಗುರುವಾರ

ಇವತ್ತು ಮಾತಾಡಿದಳು. ತಾಲೀಮು ಮುಗಿದು ಎಲ್ಲರೂ ಹೋದ ಮೇಲೆ, ಗೆಜ್ಜೆ ಪೆಟ್ಟಿಗೆಗೆ ಹಾಕುತ್ತ.

"ಹಂಪಕ್ಕಗ ತಪ್ಪಾತು ಅನ್ನಾಕ ಮರುದಿನಾನ ಹೋದಿ. ಶಾಲಿ ಹುಡುಗ್ಯಾರಿಗೆಲ್ಲ ಅಂಜಬ್ಯಾಡ್ರಿ, ಎದಿ ಎತ್ತಿ ಹೇಳ್ರಿ ಅಂತ ಕಲಿಸಿದಿ. ಹಂಪಕ್ಕನ ಅವ್ವ ಆರು ವರ್ಷಕ್ಕ ಹೇಳ್ಯಾಳ. ನಂಗ ಹೇಳಾಕ ನಿಂಗ ಹದಿನೈದು ವರ್ಷ ಬೇಕಾತು."

"ಅಂಜಿದ್ದೆ" ಎಂದೆ.

"ಯಾರಿಗೆ?"

"ನಿನಗ."

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ನಾಟಕ ಬಿಡುತ್ತೀಯಾ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಬಿಟ್ಟರೂ ಅವಳಿಗೆ ಹಕ್ಕಿದೆ. ನಾಡಿದ್ದು ಕಂಪ್ಲಿ.

ಆಗಸ್ಟ್ 31, ಭಾನುವಾರ

ನಿನ್ನೆಯ ವಿಷಯ ಇವತ್ತು ಬೆಳಿಗ್ಗೆ ಕೂತು ಬರೆಯುತ್ತಿದ್ದೇನೆ.

ಟೆಂಪೋದಲ್ಲಿ ಹೋದೆವು. ದಾರಿಯುದ್ದಕ್ಕೂ ಎರಡೂ ಕಡೆ ಬತ್ತದ ಗದ್ದೆ, ಕಾಲುವೆ ತುಂಬ ನಮ್ಮ ನೀರು. ಹುಡುಗಿಯರು ಹಾಡುತ್ತಿದ್ದರು. ಪಂಪಾವತಿ ಮುಂದಿನ ಸೀಟಿನಲ್ಲಿ ಹಂಪಕ್ಕನ ಪಕ್ಕ ಕೂತಿದ್ದಳು. ಹಂಪಕ್ಕನಿಗೆ ಎಲ್ಲ ಹೇಳಿದ್ದಾಳೆಂದು ಅವರು ಕೈ ಹಿಡಿದುಕೊಂಡಿದ್ದ ರೀತಿಯಲ್ಲಿಯೇ ಗೊತ್ತಾಯಿತು. ಮೊದಲಾಗಿದ್ದರೆ ಹೊರಗಿನವರಿಗೆ ತಿಳಿಯಿತೆಂದು ಟೆಂಪೋ ನಿಲ್ಲಿಸಿ ಇಳಿದುಬಿಡುತ್ತಿದ್ದೆ. ನಿನ್ನೆ, ಸದ್ಯ ಅವಳಿಗೊಬ್ಬ ಗೆಳತಿ ಇದ್ದಾಳೆ ಎನಿಸಿತು.

ಸಾರಥಿಯಾಗಿ ನಾನೇ ನಿಲ್ಲಬೇಕಿತ್ತು; ದೊಡ್ಡವರೊಬ್ಬರು ಇರಬಹುದೆಂದು ಸ್ಪರ್ಧೆಯ ನಿಯಮ. ರುಮಾಲು ಸುತ್ತಿದೆ. ಶಾಲೆಯ ಸಭಾಂಗಣ ತುಂಬಿತ್ತು. ಗಾಜಿನ ತಟ್ಟೆಯ ಮಗು ಬಂದಳು, ದತ್ತು ಮಗು ಬಂದಳು, ಹೊಸ ಪ್ರಶ್ನೆ ಕೇಳಿದೆ, ಸರಿಯಾಗಿ ಬಂತು. ಕಾಳು ತೋರಿಸಿದಾಗ ಹಿಂದಿನ ಸಾಲಿನ ಹುಡುಗರು ಕಿಸಕ್ ಎಂದರು, ಆಮೇಲೆ ಸುಮ್ಮನಾದರು. ಹಂಪಕ್ಕ ಬಂದಾಗ ನಾನು ಒಂದೊಂದೇ ಅಕ್ಷರ ಜೋಪಾನವಾಗಿ ಹೇಳಿದೆ: "ತಮ್ಮನ್ನು ಎತ್ತಿ ಆಡಿಸಿದ ಕೈಗಳು ಯಾರವು?" ಅವಳು, "ಎಲೈ ಸಾರಥಿ, ಎರಡೇ ಕೈ. ನಮ್ಮವ್ವ ಉಚ್ಚೆಂಗಮ್ಮಂದು. ಅದರಲ್ಲಿಯೇ ಚಹಾ ಕಾಸಿದಳು, ಅದರಲ್ಲಿಯೇ ತೊಟ್ಟಿಲು ತೂಗಿದಳು!" ಎಂದಳು. ಕೂತವರಲ್ಲಿ ಯಾರೋ ಒಬ್ಬ ಹೆಂಗಸು ಭೇಷ್ ಎಂದು ಕೂಗಿದಳು.

ಅಲ್ಲಿಗೆ ನನ್ನ ಎದೆಯ ಭಾರ ಇಳಿಯಿತು. ಅದೇ ಮೋಸವಾಯಿತು. ಪಂಪಾವತಿ ರಂಗಕ್ಕೆ ಬಂದಳು. ನಾನು ಕಲಿಸಿದ ಹೆಜ್ಜೆ, ಒಂದೂ ತಪ್ಪಿಲ್ಲ. ಎದುರಿಗೆ ನಿಂತು ಆರು ದಿನದ ಮೇಲೆ ನೇರ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು. ನನ್ನ ಬಾಯಿ ಹಳೆಯ ಜಾಡು ಹಿಡಿದುಬಿಟ್ಟಿತು.

"ಬಂದಂಥವರು ತಾವು ಯಾರು? ತಮ್ಮನ್ನು ಪಡೆದ ತಂದೆಯ ನಾಮಾಂಕಿತವೇನು?"

ಹೇಳಿದ ಮೇಲೆ ಕೇಳಿಸಿತು ನನಗೆ. ಪರದೆಯ ಪಕ್ಕದಲ್ಲಿ ಚೆನ್ನಬಸಮ್ಮ ಬಾಯಿಗೆ ಸೆರಗು ಹಿಡಿದಳು. ಜಂಬಪ್ಪಜ್ಜನ ಬೆರಳು ಹಾರ್ಮೋನಿಯಂ ಮೇಲೆ ಹಾಗೆಯೇ ನಿಂತವು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಪಂಪಾವತಿ ಸುಮ್ಮನೆ ನಿಂತಳು. ಅವತ್ತು ನಾನೇ ಹೇಳಿದ್ದೆನಲ್ಲ, ಸುಮ್ಮನೆ ನಿಂತುಕೊ ಎಂದು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಎಲೈ ಸಾರಥಿ! ಬೀಜ ಕೊಟ್ಟವನ ಹೆಸರು ನಾನರಿಯೆ. ಅವನಿಗೆ ದೂರದಿಂದಲೇ ಶರಣು. ತಂದೆಯ ಹೆಸರು ಕೇಳಿದೆಯಾ? ಕೇಳು. ಕಾಲುವೆಯಲ್ಲಿ ಒಂದು ಅಂಗುಲ ತಪ್ಪದೆ ಅಳೆಯುವವನು. ಮನೆಯ ಮಾತು ಹೇಳಲು ಮಾತ್ರ ಹದಿನೈದು ವರ್ಷ ತೆಗೆದುಕೊಂಡವನು. ಹೆದರುಪುಕ್ಕಲ. ನನ್ನ ತಂದೆಯ ನಾಮಾಂಕಿತ ಕೊಟ್ರಬಸಪ್ಪ!"

ಸಭೆ ಗೊಳ್ಳೆಂದು ನಕ್ಕಿತು. ಕಾಲುವೆ, ಅಂಗುಲ, ಎಲ್ಲ ನಾಟಕದ್ದೇ ಮಾತು ಎಂದುಕೊಂಡರು. ಸಾರಥಿ ಇಲ್ಲಿ "ಭಲಾ, ತಿಳಿಯಿತು" ಎಂದು ಹೇಳಿ ದಾರಿ ಬಿಡಬೇಕು. ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಕಣ್ಣು ಮಂಜಾಗಿ ಅವಳೂ ಕಾಣಲಿಲ್ಲ. ಜಂಬಪ್ಪಜ್ಜ ರಾಗವೆಳೆದು, "ಸಾರಥೀ, ತಿಳೀತೇನಲೇ?" ಎಂದು ಕೂಗಿದ. ಜನ ಮತ್ತೂ ನಕ್ಕರು.

"ತಿಳೀತವ್ವ, ತಿಳೀತು" ಎಂದೆ. ದಾರಿ ಬಿಟ್ಟೆ.

ಎರಡನೆಯ ಬಹುಮಾನ ಬಂತು. ಸಾರಥಿ ಮಾತು ಮರೆತದ್ದಕ್ಕೆ ಅಂಕ ಕಳೆದಿದ್ದಾರಂತೆ. ಸರಿಯಾಗಿಯೇ ಮಾಡಿದ್ದಾರೆ.

ಬರುವಾಗ ಟೆಂಪೋದಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಬಂದು ಕೂತಳು. ಮಾತಿಲ್ಲ. ಹೊಸಪೇಟೆ ದೀಪ ಕಾಣುವ ಹೊತ್ತಿಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಚ್ಚರವಾದೀತೆಂದು ನಾನು ಅಲುಗಾಡಲಿಲ್ಲ, ಈಗ ಹೆಗಲು ಹಿಡಿದುಕೊಂಡಿದೆ.

ಸೆಪ್ಟೆಂಬರ್ 2, ಮಂಗಳವಾರ

ಶಾಲೆಗೆ ಹೋಗುವ ಮೊದಲು ಮಗಳು ಕಾಲುವೆಗೆ ಬಂದಿದ್ದಳು. ನಾನು ಹತ್ತು ಅಡಿ ಎರಡು ಎಂದೆ. ಅವಳು ಮೂರು ಎಂದಳು. ಎರಡೇ ಎಂದೆ. "ಅಪ್ಪ, ಕನ್ನಡಕ ಮಾಡಿಸಿಕೊ" ಎಂದು, ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದು, ಅಳತೆ ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಮೂರೇ ಇತ್ತು.

ಗುಡ್ಡಪ್ಪ ನಗುತ್ತ, "ಹಠ ಥೇಟ್ ಅಪ್ಪಂದ ನೋಡ್ರಿ" ಎಂದ.

"ಹೌದಪಾ, ನಂದ" ಎಂದೆ. ಕೆಳಗಿನಿಂದ ಅವಳೂ ಹೌದು ಎಂದಳು.

ಮಟ್ಟ ಹತ್ತು ಅಡಿ ಮೂರು ಅಂಗುಲ.